ಅಜ್ಜಿಯ ಒಬ್ಬಟ್ಟು ಯಾವುದಕ್ಕೆ ಸಾಕ್ಷಿ?

ಯುಗಾದಿ ಹತ್ತಿರ ಬಂದ ಹಾಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಲ್ಲಿ, ಅದರಲ್ಲೂ ಊರು ಬಿಟ್ಟು ಬೆಂಗಳೂರು ಸೇರಿದವರಲ್ಲಿ, ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಅಜ್ಜಿ ಮಾಡುತ್ತಿದ್ದ ಒಬ್ಬಟ್ಟಿನ ರುಚಿ ಈಗಿನದಕ್ಕಿಲ್ಲ. ಆ ರುಚಿ ತಲೆತಲಾಂತರದಿಂದ ಕೈಯಿಂದ ಕೈಗೆ ಬಂದದ್ದು. ಹೋಳಿಗೆ ಅಂಗಡಿಯ ಡಬ್ಬಿ ಮನೆಯೊಳಕ್ಕೆ ಬಂದ ದಿನವೇ ಮನೆತನದ ನೆನಪು ಹೊರಕ್ಕೆ ಹೋಯಿತು. ಮಾಯಸಂದ್ರದ ಜಗಲಿಯ ಮೇಲೂ ಇದನ್ನು ಕೇಳಬಹುದು, ಅಮೆರಿಕದಲ್ಲಿ ಮನೆ ಮಾಡಿಕೊಂಡವರು ಹಬ್ಬದ ದಿನ ಮಾಡುವ ಫೋನಿನಲ್ಲೂ ಕೇಳಬಹುದು. ಕೇಳಿದವರೆಲ್ಲ ತಲೆದೂಗುತ್ತಾರೆ. ಎದುರಾಡಿದವರನ್ನು ರಸಿಕತೆ ಇಲ್ಲದವರು ಎಂದು ಬದಿಗೆ ಸರಿಸುವುದು ರೂಢಿ. ನಾನು ಎದುರಾಡುವವರ ಕಡೆ. ಒಬ್ಬಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತಿನೊಳಗೆ ಒಂದರೊಡನೊಂದು ಕಲಸಿಹೋಗಿರುವ ವಿಚಾರಗಳ ಬಗ್ಗೆ ತಕರಾರಿದೆ.

ಮೊದಲು ಆ ನಂಬಿಕೆಯನ್ನು ಅದರ ಗಟ್ಟಿ ರೂಪದಲ್ಲೇ ಮುಂದಿಡಬೇಕು. ತೊಗರಿಬೇಳೆಯನ್ನು ಒಡೆಯುವಷ್ಟು ಬೇಯಿಸಿದರೂ ಕರಗದಂತೆ ಇಳಿಸುವುದು, ಕಟ್ಟು ಬಸಿದು ಬೆಲ್ಲ ಕೂಡಿಸುವುದು, ಒರಳಿನಲ್ಲಿ ತರಿಯಿಲ್ಲದೆ ರುಬ್ಬುವುದು, ಎಣ್ಣೆಯಲ್ಲಿ ನೆನೆದ ಕಣಕವನ್ನು ಹೂರಣ ಇಣುಕದಂತೆ ಸುತ್ತಿ ಬಾಳೆ ಎಲೆಯ ಮೇಲೆ ತಟ್ಟುವುದು, ಹರಿಯದಂತೆ ಹಂಚಿಗೆ ಮಗುಚುವುದು, ಬಸಿದ ಕಟ್ಟಿನಿಂದ ಒಬ್ಬಟ್ಟಿನ ಸಾರು ಕಾಯಿಸುವುದು: ಇವು ಬರೆದಿಟ್ಟು ಕಲಿಯುವ ವಿದ್ಯೆಗಳಲ್ಲ, ಪಕ್ಕದಲ್ಲಿ ಕೂತು ಕಲಿಯುವ ವಿದ್ಯೆಗಳು. ಹಾಗೆ ಕೂತಾಗ ಪಾಕದ ಜೊತೆಗೆ ಮನೆಯ ಕಥೆಗಳೂ ದಾಟುತ್ತವೆ. ಯಾರ ಮದುವೆಯಲ್ಲಿ ಎಷ್ಟು ಸೇರು ಬೇಳೆ ಬೆಂದಿತ್ತು, ಯಾವ ಬರದ ವರ್ಷ ಹಬ್ಬವೇ ಆಗಲಿಲ್ಲ ಎಂಬುದೆಲ್ಲ ಒಲೆಯ ಮುಂದೆಯೇ ತಿಳಿಯುವುದು. ಗೌರಿ ಗಣೇಶನಿಗೆ ಕಡುಬು, ದೀಪಾವಳಿಗೆ ಕಜ್ಜಾಯ, ಯುಗಾದಿಗೆ ಒಬ್ಬಟ್ಟು ಎಂದು ವರ್ಷವೇ ಸಿಹಿಗಳ ಮೇಲೆ ನಿಂತಿತ್ತು. ವಿಜ್ಞಾನವೂ ಈ ಕಡೆಗೆ ಒಂದಿಷ್ಟು ವಾಲುತ್ತದೆ. ವಾಸನೆಯ ಸುಳುಹು ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಕೇಂದ್ರಗಳನ್ನು ಬಹಳ ಹತ್ತಿರದ ದಾರಿಯಲ್ಲಿ ಮುಟ್ಟುತ್ತದೆ. ಮಾತಿನಿಂದ ಎಬ್ಬಿಸಿದ ನೆನಪುಗಳು ಹೆಚ್ಚಾಗಿ ಹದಿಹರೆಯ, ಯೌವನದವಾದರೆ ವಾಸನೆಯಿಂದ ಎದ್ದ ನೆನಪುಗಳು ಹತ್ತು ವರ್ಷದೊಳಗಿನ ಬಾಲ್ಯದವು ಎಂದು ಮನೋವಿಜ್ಞಾನಿಗಳ ಪ್ರಯೋಗಗಳು ತೋರಿಸಿವೆ. ಹಂಚಿನ ಮೇಲೆ ತುಪ್ಪ ಬಿದ್ದ ವಾಸನೆಗೆ ಅರವತ್ತು ವರ್ಷದವರು ಆರು ವರ್ಷದವರಾಗುವುದು ಬರಿಯ ಕವಿಸಮಯವಲ್ಲ. ಇಷ್ಟನ್ನೂ ಒಪ್ಪುತ್ತೇನೆ.

ಒಪ್ಪದಿರುವುದು, ಇದರಿಂದ ಎಳೆಯುವ ತೀರ್ಮಾನಗಳನ್ನು. ಆ ಒಂದು ಮಾತಿನಲ್ಲಿ ಮೂರು ಬೇರೆಬೇರೆ ವಾದಗಳಿವೆ, ಮೂರಕ್ಕೂ ಬೇಕಾದ ಪುರಾವೆ ಬೇರೆಬೇರೆ.

1. ಆಗಿನ ಒಬ್ಬಟ್ಟು ಈಗಿನದಕ್ಕಿಂತ ರುಚಿಯಾಗಿತ್ತು. ಇದು ಪದಾರ್ಥದ ಬಗೆಗಿನ ಮಾತು.

2. ಅದು ಬಹಳ ಹಿಂದಿನಿಂದ ಬದಲಾಗದೆ ಬಂದದ್ದು. ಇದು ಚರಿತ್ರೆಯ ಬಗೆಗಿನ ಮಾತು.

3. ಮನೆಯಲ್ಲಿ ಮಾಡುವುದು ನಿಂತರೆ ಕುಟುಂಬದ ನೆನಪು ನಿಲ್ಲುತ್ತದೆ. ಇದು ಕರ್ತವ್ಯದ ಬಗೆಗಿನ ಮಾತು; ಯಾರೋ ಒಬ್ಬರು ಮಾಡಲೇಬೇಕು ಎಂಬ ಅಪ್ಪಣೆ ಇದರೊಳಗೆ ಕೂತಿದೆ.

ಹಬ್ಬದ ಹರಟೆಯಲ್ಲಿ ಆಗುವುದೇನೆಂದರೆ, ಮೊದಲನೆಯದಕ್ಕೆ ಯಾರಾದರೂ ಪುರಾವೆ ಕೇಳಿದರೆ ಎರಡನೆಯದನ್ನು ಮುಂದಿಡುತ್ತಾರೆ, ಎರಡನೆಯದನ್ನು ಕೆದಕಿದರೆ ಮೂರನೆಯದರ ಭಾವುಕತೆಗೆ ಜಾರುತ್ತಾರೆ. ಒಂದೊಂದನ್ನೂ ಹಿಡಿದು ನಿಲ್ಲಿಸಿ ನೋಡಬೇಕು.

ರುಚಿಯ ವಾದದಲ್ಲಿ ಮೊದಲು ಕಾಣುವುದು ಲೆಕ್ಕದ ತೊಡಕು. ನೂರು ಮನೆಗಳಿರುವ ಊರಿನಲ್ಲಿ ನೂರು ಮೊಮ್ಮಕ್ಕಳೂ ತಂತಮ್ಮ ಅಜ್ಜಿಯ ಒಬ್ಬಟ್ಟಿಗೆ ಸಮವಿಲ್ಲ ಎನ್ನುತ್ತಾರೆ. ಇದು ಕೈಗುಣವನ್ನು ತೂಗಿ ಹೇಳಿದ ಮಾತಾಗಿದ್ದರೆ ತೊಂಬತ್ತೊಂಬತ್ತು ಮಂದಿ ತಪ್ಪು ಹೇಳುತ್ತಿದ್ದಾರೆ ಎಂದಾಗುತ್ತದೆ. ಹಾಗೆ ಅಲ್ಲ, ನೂರು ಮಂದಿಯೂ ಸರಿ ಎನ್ನುವುದಾದರೆ ಅವರು ಒಬ್ಬಟ್ಟನ್ನು ಒಬ್ಬಟ್ಟಿನೊಡನೆ ಹೋಲಿಸುತ್ತಿಲ್ಲ, ಅಜ್ಜಿಯೊಡನೆ ತಮಗಿದ್ದ ನಂಟನ್ನು ಹೇಳುತ್ತಿದ್ದಾರೆ. ನಂಟಿನ ಮಾತಿಗೆ ಯಾರ ತಕರಾರೂ ಇಲ್ಲ, ಆದರೆ ನಂಟಿನಿಂದ ಹೂರಣದ ಗುಣವನ್ನು ಸಾಧಿಸಲಾಗದು. ಇನ್ನೊಂದನ್ನೂ ಗಮನಿಸಬೇಕು. ಅಡುಗೆಮನೆಯ ಮಾತಿನಲ್ಲಿ ಸೋಲಿಗೆ ಎಷ್ಟೊಂದು ಹೆಸರುಗಳಿವೆ ನೋಡಿ: ಹೂರಣ ನೀರಾಯಿತು, ಕಣಕ ಗಟ್ಟಿಯಾಯಿತು, ಒಬ್ಬಟ್ಟು ಹರಿಯಿತು, ಬೆಲ್ಲ ಜಾಸ್ತಿಯಾಗಿ ಹಂಚಿಗೆ ಹಿಡಿಯಿತು, ತಣ್ಣಗಾದ ಮೇಲೆ ಚರ್ಮವಾಯಿತು. ನೀರಾದ ಹೂರಣವನ್ನು ಮತ್ತೆ ಒಲೆಗಿಟ್ಟು ಕೆದಕಿ ಗಟ್ಟಿಮಾಡುವ ಉಪಾಯವನ್ನು ನಮಗೆ ಹೇಳಿಕೊಟ್ಟವರೂ ಅಜ್ಜಿಯರೇ. ಎಂದೂ ಕೆಡದ ಕೈಗೆ ಆ ಉಪಾಯ ಯಾಕೆ ಬೇಕಿತ್ತು? ಕೆಟ್ಟ ವರ್ಷಗಳನ್ನು ನೆನಪು ಸೋಸಿಬಿಟ್ಟಿದೆ. ಸೋಸಿ ಉಳಿದದ್ದನ್ನು ನಿನ್ನೆ ಡಬ್ಬಿಯಲ್ಲಿ ತಂದ, ಇನ್ನೂ ಸೋಸದ ಒಬ್ಬಟ್ಟಿನ ಪಕ್ಕ ಇಟ್ಟು ತೂಗುವುದು ನ್ಯಾಯವಾದ ತೂಕವಲ್ಲ.

ಆದರೂ ಆಗಿನದು ಹೆಚ್ಚು ರುಚಿಸುತ್ತಿತ್ತು ಎಂಬ ಅನುಭವವನ್ನು ಪೂರ್ತಿ ತಳ್ಳಿಹಾಕಲಾರೆ. ಅದಕ್ಕೆ ಕಾರಣವನ್ನು ಕೈಯಲ್ಲಿ ಹುಡುಕುವ ಬದಲು ವರ್ಷದ ಮಿಕ್ಕ ದಿನಗಳಲ್ಲಿ ಹುಡುಕಬೇಕು. ತಿಪಟೂರು, ತುರುವೇಕೆರೆ ಕಡೆಯದು ರಾಗಿ ಸೀಮೆ. ದಿನದ ಊಟ ಮುದ್ದೆ, ಸೊಪ್ಪಿನ ಸಾರು ಅಥವಾ ಹುರುಳಿ. ಅಕ್ಕಿಯೇ ಅಪರೂಪವಾಗಿದ್ದ ಮನೆಗಳು ಬೇಕಾದಷ್ಟಿದ್ದವು. ಸಿಹಿ ಎಂಬುದು ಹಬ್ಬಕ್ಕೆ, ಮದುವೆಗೆ, ತಿಥಿಗೆ. ತೆಂಗಿನ ಸೀಮೆಯಲ್ಲವೇ, ಕಾಯಿಗೇನು ಬರ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅವರಿಗೆ ಈ ಸೀಮೆಯ ಲೆಕ್ಕ ಗೊತ್ತಿಲ್ಲ. ಇಲ್ಲಿಯ ತೆಂಗು ಬಹುಪಾಲು ಎಳನೀರಿಗೂ ಅಲ್ಲ, ಸಾರಿಗೂ ಅಲ್ಲ, ಉಂಡೆ ಕೊಬ್ಬರಿಗೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಒಳಗಿನ ನೀರು ಬತ್ತಿ ಕೊಬ್ಬರಿ ಕಳಚಿಕೊಳ್ಳಲು ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಅಷ್ಟು ಕಾಲ ಅಟ್ಟವೇ ಮನೆಯ ಬ್ಯಾಂಕು. ಮಗಳ ಮದುವೆ, ಮಗನ ಫೀಸು, ಬೋರ್‌ವೆಲ್ ಸಾಲ ಎಲ್ಲವೂ ಅಲ್ಲಿಂದಲೇ ಇಳಿಯಬೇಕು, ಅದೂ ತಿಪಟೂರು ಮಾರುಕಟ್ಟೆಯ ಅಂದಿನ ಧಾರಣೆಗೆ. ಆ ಧಾರಣೆಯನ್ನು ನಂಬುವ ಹಾಗಿಲ್ಲ: 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿದರು, 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೆ ಮಾರುಕಟ್ಟೆ ಅದರ ಎರಡರಷ್ಟನ್ನೂ ದಾಟಿತು. ಹೂರಣಕ್ಕೆ ತುರಿದ ಒಂದೊಂದು ಕಾಯಿಯೂ ಅಟ್ಟಕ್ಕೆ ಒಂದು ಕಡಿಮೆ. ಹಾಗಾಗಿ ಕಾಯಿ ಒಬ್ಬಟ್ಟು, ಕಾಯಿಹಾಲು ಈ ಸೀಮೆಯಲ್ಲೂ ಧಾರಾಳದ ತಿನಿಸಾಗಿರಲಿಲ್ಲ. ಹಬ್ಬದ ದಿನ ಮಾತ್ರ ಸಡಿಲಿಸುತ್ತಿದ್ದ ಬಿಗಿಯಾಗಿತ್ತು.

ಈಗ ಬೆಳಗಿನ ಕಾಫಿಯಿಂದ ರಾತ್ರಿಯ ಬಿಸ್ಕತ್ತಿನವರೆಗೆ ಸಕ್ಕರೆ ನಾಲಿಗೆಯನ್ನು ಬಿಡುವುದೇ ಇಲ್ಲ. ಬೇಕರಿಯಿಲ್ಲದ ಹೋಬಳಿ ಇಲ್ಲ. ಇಂಥ ನಾಲಿಗೆಗೆ ಅದೇ ಅಜ್ಜಿ ಎದ್ದುಬಂದು ಅದೇ ಒರಳಿನಲ್ಲಿ ರುಬ್ಬಿ ಒಬ್ಬಟ್ಟು ಮಾಡಿಕೊಟ್ಟರೂ ಅಂದಿನ ರುಚಿ ಹತ್ತುವುದಿಲ್ಲ. ಅಂದರೆ ಕಳೆದುಹೋದ ಪದಾರ್ಥದ ಹೆಸರು ಅಪರೂಪ. ಅದನ್ನು ಮರಳಿ ತರುವ ದಾರಿ ಒಂದೇ, ಮುನ್ನೂರು ದಿನ ಸಿಹಿಯಿಲ್ಲದೆ ಇರುವುದು. ಹಳೆಯ ರುಚಿಗೆ ಹಲುಬುವವರಲ್ಲಿ ಅದಕ್ಕೆ ತಯಾರಿರುವವರನ್ನು ನಾನು ಇನ್ನೂ ಕಂಡಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಒರಳಿನ ಹೂರಣಕ್ಕೂ ಮಿಕ್ಸಿಯ ಹೂರಣಕ್ಕೂ ವ್ಯತ್ಯಾಸವಿಲ್ಲವೇ? ಸೌದೆಯ ಒಲೆಗೂ ಗ್ಯಾಸಿಗೂ? ಆಲೆಮನೆಯ ಕಪ್ಪು ಬೆಲ್ಲಕ್ಕೂ ಬಿಳುಪಿಗೆಂದು ರಾಸಾಯನಿಕ ಹಾಕಿದ ಬೆಲ್ಲಕ್ಕೂ? ಇದೆ. ಮಿಕ್ಸಿಯ ಅಲಗು ವೇಗವಾಗಿ ತಿರುಗಿ ಬಿಸಿಯಾಗುತ್ತದೆ, ನೀರು ಬೇಡುತ್ತದೆ, ಹೂರಣ ಅಂಟಾಗುತ್ತದೆ; ಕಲ್ಲು ಒತ್ತಿ ಅರೆಯುತ್ತದೆ. ಆದರೆ ಈ ವ್ಯತ್ಯಾಸಗಳನ್ನು ಒಪ್ಪಿದ ಕೂಡಲೇ ವಾದದ ಸ್ವರೂಪವೇ ಬದಲಾಗುತ್ತದೆ. ಇವು ಅಜ್ಜಿಯ ಗುಣಗಳಲ್ಲ, ಕಲ್ಲಿನ, ಬೆಂಕಿಯ, ಬೆಲ್ಲದ ಗುಣಗಳು. ಬೇಕೆಂದವರು ಇಂದೇ ಕಲ್ಲಿನ ಒರಳು ತಂದು, ಒಳ್ಳೆಯ ಬೆಲ್ಲ ಹುಡುಕಿ, ಸೌದೆ ಹಚ್ಚಿ ಪರೀಕ್ಷಿಸಬಹುದು. ಕಣ್ಣುಕಟ್ಟಿ ಎರಡು ತಟ್ಟೆ ಮುಂದಿಟ್ಟು ಯಾವುದು ಯಾವುದೆಂದು ಕೇಳಬಹುದು. ಹಂಬಲಿಸುವವರು ಈ ಪರೀಕ್ಷೆಗೆ ಇಳಿಯುವುದಿಲ್ಲ. ತಮಗೆ ಬೇಕಾದದ್ದು ಕಲ್ಲಿನಲ್ಲಿಲ್ಲ ಎಂದು ಅವರಿಗೂ ಒಳಗೊಳಗೆ ಗೊತ್ತಿದೆ.

ಚರಿತ್ರೆಯ ವಾದಕ್ಕೆ ಬಂದರೆ, ಹಿಟ್ಟಿನೊಳಗೆ ಸಿಹಿ ತುಂಬಿ ಬೇಯಿಸುವ ಕಲ್ಪನೆ ನಿಜಕ್ಕೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 12ನೆಯ ಶತಮಾನದ್ದು. ಅದರಲ್ಲಿ ಗೋಧಿ ಹಿಟ್ಟಿನೊಳಗೆ ಬೇಳೆಯ ಹೂರಣ ತುಂಬುವ ತಿನಿಸಿನ ವಿವರವಿದೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಅಡುಗೆಗೆಂದೇ ಕನ್ನಡ ಪದ್ಯದಲ್ಲಿ ಸೂಪಶಾಸ್ತ್ರ ಬರೆದ. ಆದರೆ ಅರಸುಮನೆಯ ಪಾಕಕ್ಕೂ ಹೊಲದ ಮನೆಯ ಪಾಕಕ್ಕೂ ನಡುವೆ ದೊಡ್ಡ ಅಂತರವಿದೆ. ತುರುವೇಕೆರೆ ಕಡೆಯ ಒಬ್ಬಟ್ಟನ್ನು ಬಿಡಿಸಿ ನೋಡಿ. ಒಳಗಿನ ತೊಗರಿ ಇಲ್ಲಿಯದೇ, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದದ್ದು. ಕಾಯಿ ಇಲ್ಲಿಯದು. ಹೊರಗಿನ ಹೊದಿಕೆ ಇಲ್ಲಿಯದಲ್ಲ. ಗೋಧಿ ಈ ಸೀಮೆಯ ಬೆಳೆಯಲ್ಲ, ಗಿರಣಿಯ ಉರುಳೆಯಲ್ಲಿ ನುಣ್ಣಗಾದ ಮೈದಾ ಅಂತೂ ಯಂತ್ರಯುಗದ್ದು. ಬೆಲ್ಲ ಬಹುಮಟ್ಟಿಗೆ ತೆಂಕಣದ ಮಂಡ್ಯ ಸೀಮೆಯಿಂದ ಬಂದದ್ದು. ಕೆರೆ ಕಾಲುವೆಗಳ ಕೆಳಗೆ ಕಬ್ಬು ಮೊದಲೂ ಇತ್ತು, ನಿಜ. ಆದರೆ ಮಂಡ್ಯ ಕಬ್ಬಿನ ನಾಡಾದದ್ದು ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ ಹರಿದ ಮೇಲೆ, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ. ಕೈತುಂಬ ಬೆಲ್ಲ ಸುರಿಯುವ ಧಾರಾಳಕ್ಕೆ ಒಂದು ಅಣೆಕಟ್ಟಿನಷ್ಟು ವಯಸ್ಸು. ಒಬ್ಬಟ್ಟಿನ ಸಾರಿಗೆ ಬೀಳುವ ಒಣಮೆಣಸಿನಕಾಯಿಯ ಊರು ಅಮೆರಿಕ ಖಂಡ. ಪೋರ್ಚುಗೀಸರ ಹಡಗಿನಲ್ಲಿ ಬರುವ ತನಕ ಅದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉತ್ತರ ಕರ್ನಾಟಕದವರ ಹೆಮ್ಮೆಯ ಶೇಂಗಾ ಹೋಳಿಗೆಯ ಶೇಂಗಾ ಕೂಡ ದಕ್ಷಿಣ ಅಮೆರಿಕದ ಕಾಳು. ಬಾಳೆ ಎಲೆಯ ಜಾಗಕ್ಕೆ ಎಣ್ಣೆಯ ಪ್ಲಾಸ್ಟಿಕ್ ಕವರು ಬಂದಾಗ ಯಾವ ಅಜ್ಜಿಯೂ ಸಂಪ್ರದಾಯ ಕೆಟ್ಟಿತೆಂದು ಅಳಲಿಲ್ಲ. ಹರಿಯದೆ ಏಳುತ್ತದೆ ಎಂದು ಖುಷಿಪಟ್ಟರು. ಅವರು ಮ್ಯೂಸಿಯಂ ಕಾಯುತ್ತಿರಲಿಲ್ಲ, ಅಡುಗೆ ಮಾಡುತ್ತಿದ್ದರು.

ನೆರೆಯವರ ಕಡೆ ನೋಡಿದರೆ ಈ ವಾದ ಇನ್ನಷ್ಟು ಸೊರಗುತ್ತದೆ. ಹೂರಣಕ್ಕೆ ಕಡಲೆಬೇಳೆ ಹಾಕುವ ಧಾರವಾಡದ ಹೋಳಿಗೆ, ಮರಾಠಿಗರ ಪೂರಣಪೋಳಿ, ತೆಲುಗರ ಬೊಬ್ಬಟ್ಟು, ತಮಿಳರ ಪೋಳಿ, ತಿರುವನಂತಪುರದಲ್ಲಿ ಪಾಯಸದ ಜೊತೆ ತಿನ್ನುವ ಬೋಳಿ. ಎಲ್ಲರೂ ತಮ್ಮದೇ ಮೂಲ ಎನ್ನುತ್ತಾರೆ, ಎಲ್ಲರ ಅಜ್ಜಿಯರೂ ಅದನ್ನು ತಮ್ಮ ಅಜ್ಜಿಯಿಂದ ಕಲಿತವರೇ. ಸಾಗರದಾಚೆಯ ಉದಾಹರಣೆ ಇನ್ನೂ ಸ್ಪಷ್ಟ. ಅಮೆರಿಕದವರು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಕುಂಬಳದ ಪೈ, ಪೆಕಾನ್ ಬೀಜದ ಪೈ ಮಾಡುತ್ತಾರೆ. ನಮ್ಮ ಒಬ್ಬಟ್ಟಿನ ಹಾಗೆಯೇ ಹಿಟ್ಟಿನ ಹೊದಿಕೆ, ಒಳಗೆ ಸಿಹಿ, ಸುತ್ತ ಅಜ್ಜಿಯ ಕಥೆ. ಆ ಅಜ್ಜಿಯರಲ್ಲಿ ಅನೇಕರ ಗುಟ್ಟಿನ ಪಾಕ ಎಲ್ಲಿಂದ ಬಂತು? ಲಿಬ್ಬಿ ಕಂಪನಿ 1950ರಿಂದ ತನ್ನ ಕುಂಬಳದ ಡಬ್ಬಿಯ ಮೇಲೆ ಅಚ್ಚು ಹಾಕಿಸಿದ ಚೀಟಿಯಿಂದ. ಪೆಕಾನ್ ಪೈ ಮನೆಮನೆಗೆ ಹಬ್ಬಿದ್ದು 1930ರ ದಶಕದಲ್ಲಿ ಕಾರೋ ಎಂಬ ಮುಸುಕಿನ ಜೋಳದ ಪಾಕ ತಯಾರಿಸುವ ಕಂಪನಿ ತನ್ನ ಸರಕು ಮಾರಲು ಪ್ರಚಾರ ಮಾಡಿದ ಮೇಲೆ. ಡಬ್ಬಿಯ ಚೀಟಿ ಎರಡು ತಲೆಮಾರಿನಲ್ಲಿ ಮನೆತನದ ಆಸ್ತಿಯಾಯಿತು. ಇದನ್ನು ಹೇಳಿ ಅವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಅವರ ನೆನಪು ಸುಳ್ಳಲ್ಲ, ಆ ಅಜ್ಜಿಯರ ಪ್ರೀತಿಯೂ ಸುಳ್ಳಲ್ಲ. ಪಾಕ ಹೊಸದಾಗಿದ್ದರೂ, ಅಂಗಡಿಯದಾಗಿದ್ದರೂ, ನೆನಪು ಅದಕ್ಕೆ ಅಷ್ಟೇ ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂಬುದಷ್ಟೇ ಇದರಿಂದ ಸಿದ್ಧವಾಗುವುದು. ಹಾಗಿದ್ದರೆ ನೆನಪಿನ ತೀವ್ರತೆಯನ್ನು ಪಾಕದ ಪ್ರಾಚೀನತೆಗೆ ಸಾಕ್ಷಿಯಾಗಿ ಕರೆಯುವಂತಿಲ್ಲ. ಇಂದು ಅಮೆರಿಕದ ಕನ್ನಡದ ಮನೆಯಲ್ಲಿ ಫ್ರೀಜರಿನಿಂದ ತೆಗೆದ ತುರಿದ ಕಾಯಿಯಲ್ಲಿ ಮಾಡಿದ ಒಬ್ಬಟ್ಟನ್ನು ತಿಂದ ಮಗು ನಲವತ್ತು ವರ್ಷದ ಮೇಲೆ ಅದಕ್ಕಾಗಿಯೇ ಹಂಬಲಿಸಲಿದೆ.

ಪ್ರಸಂಗವಶಾತ್ ಇನ್ನೊಂದು. ಯುಗಾದಿ ಎಂದರೆ ಒಬ್ಬಟ್ಟು ಎಂದು ಬರೆಯುವವರು ಅರ್ಧ ಊರನ್ನು ಮರೆತಿರುತ್ತಾರೆ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಬ್ಬದ ನೆನಪು ಮಾರನೆಯ ದಿನದ ಹೊಸತೊಡಕಿನದು, ಬಾಡೂಟದ್ದು. ಒಬ್ಬಟ್ಟಿನ ದಿನವೂ ಅದನ್ನು ಮಾಡಿದ ಮನೆಗಳಿದ್ದವು, ಬೇರೆಯವರ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು ಪಡೆದ ಮನೆಗಳೂ ಇದ್ದವು. ಒಂದೇ ಒಬ್ಬಟ್ಟು, ಎರಡು ನೆನಪು. ‘ನಮ್ಮೂರ ಹಬ್ಬದ ರುಚಿ’ ಎಂಬ ಶೀರ್ಷಿಕೆಯ ಕೆಳಗೆ ಎರಡನೆಯದು ಅಚ್ಚಾದದ್ದು ಕಡಿಮೆ.

ಇನ್ನು ಮೂರನೆಯ ವಾದ. ಮನೆಯಲ್ಲಿ ಮಾಡದಿದ್ದರೆ ಕುಟುಂಬದ ನೆನಪು ಅಳಿಯುತ್ತದೆ ಎಂಬುದು ನಮ್ಮ ಸಂಪ್ರದಾಯದ ಮಾತೇ ಆಗಿದ್ದರೆ ಸಂಪ್ರದಾಯವೇ ಅದನ್ನು ಪಾಲಿಸಬೇಕಿತ್ತು. ಊಟಕ್ಕೂ ಸತ್ತವರ ನೆನಪಿಗೂ ನಮ್ಮಲ್ಲಿ ನೇರವಾಗಿ ಗಂಟು ಹಾಕಿದ ಆಚರಣೆ ಒಂದಿದೆ: ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಯ ಸುತ್ತ ಹಿರಿಯರಿಗೆ ಇಡುವ ಎಡೆ. ಆ ಎಡೆಯಲ್ಲಿ ಏನಿರುತ್ತದೆ ಎಂಬುದನ್ನು ವಿಚಾರವಂತರು ಸಾಕಷ್ಟು ಗಮನಿಸಿಲ್ಲ ಅನ್ನಿಸುತ್ತದೆ. ಕಜ್ಜಾಯ, ಕರ್ಜಿಕಾಯಿ, ಅನ್ನ, ಸಾರು ಇರುತ್ತವೆ. ಮಾಂಸ ತಿನ್ನುವ ಮನೆಗಳಲ್ಲಿ ಅದೂ ಇರುತ್ತದೆ. ಜೊತೆಗೆ ತಾತನಿಗೆ ಇಷ್ಟವಾಗಿತ್ತೆಂದು ಬೀಡಿಯ ಕಟ್ಟು, ಬೆಂಕಿಪೊಟ್ಟಣ, ಎಲೆಅಡಿಕೆ, ಬೇಕರಿಯ ಖಾರ, ಕೆಲವು ಮನೆಗಳಲ್ಲಿ ಬಾಟಲಿಯೂ ಕೂರುತ್ತದೆ. ಬೀಡಿಯನ್ನು ಮನೆಯಲ್ಲೇ ಸುತ್ತಿರಬೇಕು ಎಂದು ಯಾವ ಹಿರಿಯರೂ ಹೇಳಿದ್ದಿಲ್ಲ. ಎಡೆಯ ನಿಯಮ ಒಂದೇ: ಹೋದವರಿಗೆ ಇಷ್ಟವಾಗಿದ್ದನ್ನು ಇಡು. ಯಾರು ಮಾಡಿದರು, ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಅಂದರೆ ನಮ್ಮ ಹಳಬರ ತಿಳಿವಳಿಕೆಯಲ್ಲಿ ನೆನಪು ಪಾಕದಲ್ಲಿ ಇರುವಂಥದ್ದಲ್ಲ, ಇನ್ನೊಬ್ಬರ ಇಷ್ಟವನ್ನು ಗಮನಿಸಿ ಇಟ್ಟುಕೊಳ್ಳುವುದರಲ್ಲಿ ಇರುವಂಥದ್ದು. ಅದಕ್ಕೆ ಬೇಕಾದದ್ದು ಕೈಚಳಕವಲ್ಲ, ಕಣ್ಣು. ಗಂಡಸರಿಗೂ ಸಾಧ್ಯ, ಅಡುಗೆ ಬಾರದವರಿಗೂ ಸಾಧ್ಯ, ಅಂಗಡಿಯಿಂದ ತರುವವರಿಗೂ ಸಾಧ್ಯ. ಡಬ್ಬಿಯ ಹೋಳಿಗೆ ನೆನಪನ್ನು ಕೊಂದಿತು ಎನ್ನುವವರು ಅಪ್ಪನ ಎಡೆಗೆ ಬೀಡಿ ಇಟ್ಟಾಗ ಏನು ಮಾಡಿದೆವೆಂದು ಕೇಳಿಕೊಳ್ಳಬೇಕು.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಎರಡು ತೂಕದವು. ಮೊದಲನೆಯದು, ಒಟ್ಟಿಗೆ ಕೂತು ಮಾಡುವುದರಲ್ಲೇ ಒಂದು ಕೂಟವಿದೆ. ಓರಗಿತ್ತಿಯರು, ನಾದಿನಿಯರು, ಮಕ್ಕಳು ಒಬ್ಬರು ಉಂಡೆ ಕಟ್ಟಿ ಒಬ್ಬರು ತಟ್ಟಿ ಒಬ್ಬರು ಬೇಯಿಸುವಾಗ ಹುಟ್ಟುವ ಮಾತು, ನಗೆ ಅಂಗಡಿಯ ಸಾಲಿನಲ್ಲಿ ಹುಟ್ಟುವುದಿಲ್ಲ. ಒಪ್ಪುತ್ತೇನೆ. ಆದರೆ ಅದು ಕೂಟದ ಪರವಾದ ವಾದವೇ ಹೊರತು ಒಬ್ಬಟ್ಟಿನ ಪರವಾದದ್ದಲ್ಲ. ಕೂಟ ಬೇಕೆನ್ನುವವರು ಕೂಟಕ್ಕೆ ಕೂರಬೇಕು. ಹಜಾರದಲ್ಲಿ ಟಿವಿ ನೋಡುತ್ತ ಒಳಗಿನಿಂದ ಬಿಸಿಯದು ಬರಲಿ ಎಂದು ಕಾಯುವವರು ಕೂಟದ ಮಹಿಮೆ ಹೇಳಿದರೆ ನಂಬುವುದು ಹೇಗೆ? ಎರಡನೆಯ ಆಕ್ಷೇಪ, ಕೈಕೆಲಸವೊಂದು ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂಬುದು. ಊರೂರಿಗೆ ಬೇರೆಯಾಗಿದ್ದ ಹದಗಳನ್ನು ಅಂಗಡಿಯ ಒಂದೇ ಅಚ್ಚು ನುಂಗುತ್ತದೆ ಎಂಬುದು. ಇದು ಎರಡರಲ್ಲೂ ಗಟ್ಟಿಯಾದ ಮಾತು, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೂ ಎರಡು ವಿಷಯ ಹೇಳಬಹುದು. ಅಂಗಡಿಯಲ್ಲಿ ತಟ್ಟುವ ಕೈಯೂ ಕೈಯೇ. ಹೋಳಿಗೆ ಅಂಗಡಿಗಳ ಹಿಂದಿನ ಕೋಣೆಯಲ್ಲಿ ಕಾವಲಿಯ ಮುಂದೆ ನಿಂತವರು ಬಹುಪಾಲು ಇಂಥದೇ ಹಳ್ಳಿಗಳಿಂದ ಬಂದವರು, ಮನೆಯಲ್ಲಿ ಕಲಿತ ವಿದ್ಯೆಗೆ ಮೊದಲ ಬಾರಿ ಕೂಲಿ ಕಂಡವರು. ವಿದ್ಯೆ ಸಂಬಳಕ್ಕೆ ದುಡಿಯತೊಡಗಿದರೆ ಸತ್ತಿತು ಎನ್ನುವುದು ಬಡಗಿಗೂ ಕಮ್ಮಾರನಿಗೂ ನಾವು ಹಾಕದ ಷರತ್ತು. ಮತ್ತೆ, ಕೈಕೆಲಸ ಉಳಿಯಬೇಕೆಂಬ ಕಾಳಜಿ ನಿಜವಾದದ್ದಾದರೆ ಅದನ್ನು ಕಲಿಯುವ ಹೊಣೆ ಕಾಳಜಿ ಇರುವವರ ಮೇಲೆಯೇ ಮೊದಲು ಬರಬೇಕು. ಹಂಬಲ ಒಬ್ಬರದು, ರಟ್ಟೆ ಇನ್ನೊಬ್ಬರದು ಎಂಬ ಏರ್ಪಾಡಿಗೆ ಸಂಸ್ಕೃತಿ ಎಂದು ಹೆಸರಿಡಲಾಗದು.

ಇಲ್ಲಿಗೆ ಈ ನಂಬಿಕೆಯ ಬೇರು ಕಾಣುತ್ತದೆ. ಹಬ್ಬದ ಸಿಹಿಯ ನೆನಪು ಎಂದು ನಾವು ಓದುವುದೆಲ್ಲ ಬಹುಮಟ್ಟಿಗೆ ತಿಂದವರ ನೆನಪು. ಮೊದಲ ಪಂಕ್ತಿಯಲ್ಲಿ ಕೂತವರದು, ಹುಡುಗರದು, ಮುಂದೆ ಓದಿ ಬರೆಯುವವರಾದವರದು. ಮಾಡಿದವರ ನೆನಪಿನಲ್ಲಿ ಅದೇ ದಿನ ಬೇರೆಯಾಗಿಯೇ ಇರುತ್ತದೆ: ಕೋಳಿ ಕೂಗುವ ಮುಂಚೆ ತಲೆಗೆ ನೀರು ಹಾಕಿಕೊಂಡದ್ದು, ನೈವೇದ್ಯವಾಗುವ ತನಕ ಬಾಯಿಗೆ ಏನೂ ಹಾಕದೆ ಹೊಗೆಯಲ್ಲಿ ಕೂತದ್ದು, ಒರಳಿನ ಗುಂಡು ತಿರುಗಿಸಿ ತೋಳು ಬಿದ್ದುಹೋದದ್ದು, ನೆಂಟರು ಹೆಚ್ಚು ಬಂದು ಎಣಿಕೆ ತಪ್ಪಿದ್ದು, ಕೊನೆಗೆ ತನಗೆ ಹರಿದದ್ದೋ ಸೀದದ್ದೋ ಉಳಿದದ್ದು. ಅವರಲ್ಲಿ ಖುಷಿಯಿಂದ ಮಾಡಿದವರೂ ಇದ್ದರು, ಅದರಲ್ಲಿ ಹೆಸರು ಪಡೆದವರೂ ಇದ್ದರು. ಎಲ್ಲರನ್ನೂ ದುಃಖಿಗಳನ್ನಾಗಿ ಮಾಡುವುದು ಇನ್ನೊಂದು ಬಗೆಯ ಸುಳ್ಳು. ನಾನು ಹೇಳುತ್ತಿರುವುದು ಇಷ್ಟೇ: ಕೈರುಚಿಯನ್ನು ಹೊಗಳುವ ಮಾತು ಆ ಕೈಯವರನ್ನು ಕೇಳಿ ಹೇಳಿದ್ದಲ್ಲ. ಒಂದು ಹೊಸ ಅನುಕೂಲ ಬಂದಾಗಲೆಲ್ಲ, ಮಿಕ್ಸಿಗೆ, ಗ್ಯಾಸಿಗೆ, ಡಬ್ಬಿಯ ಹೋಳಿಗೆಗೆ, ರುಚಿ ಹೋಯಿತು ಎಂದವರು ಯಾರು, ರಟ್ಟೆ ಉಳಿಯಿತು ಎಂದವರು ಯಾರು ಎಂದು ನೋಡಿದರೆ ವಾದ ಯಾವ ಕಡೆಯಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ.

ಎಡೆಯ ನಿಯಮವನ್ನೇ ಈಗ ಅಜ್ಜಿಗೆ ಹಚ್ಚಿ ನೋಡೋಣ. ತಾತನಿಗೆ ಏನಿಷ್ಟವೆಂದು ಮನೆಯ ಚಿಕ್ಕ ಮಗುವಿಗೂ ಗೊತ್ತಿರುತ್ತದೆ. ಬೀಡಿಯ ಬ್ರ್ಯಾಂಡಿನ ಸಮೇತ. ಅಜ್ಜಿಗೆ ಏನಿಷ್ಟವಾ­ಗಿತ್ತು? ಅವರು ಏನು ಚೆನ್ನಾಗಿ ಮಾಡುತ್ತಿದ್ದರು ಎಂಬುದನ್ನಲ್ಲ, ಅವರೇ ಏನನ್ನು ಆಸೆಪಟ್ಟು ತಿನ್ನುತ್ತಿದ್ದರು ಎಂಬುದನ್ನು ಕೇಳುತ್ತಿದ್ದೇನೆ. ಅನೇಕ ಮನೆಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಸೀರೆ ಬಳೆ ಇಟ್ಟು ಮುಗಿಸುತ್ತಾರೆ. ಕೊನೆಗೆ ಕೂತು ಉಳಿದದ್ದನ್ನು ಉಂಡವರ ಇಷ್ಟವನ್ನು ನೋಡಿದವರೇ ಇಲ್ಲ. ಅವರ ಒಬ್ಬಟ್ಟಿನ ಬಗ್ಗೆ ಪುಟಗಟ್ಟಲೆ ಬರೆಯಬಲ್ಲ ಮೊಮ್ಮಗನಿಗೆ ಅವರಿಗೆ ಒಬ್ಬಟ್ಟು ಇಷ್ಟವಾಗಿತ್ತೇ ಎಂಬುದೇ ಗೊತ್ತಿಲ್ಲ. ಕುಟುಂಬದ ನೆನಪು ಅಳಿಯುತ್ತಿದೆ ಎಂಬ ದೂರಿನಲ್ಲಿ ಹುರುಳಿದ್ದರೆ ಅದು ಇಲ್ಲಿದೆ, ಹೋಳಿಗೆ ಅಂಗಡಿಯಲ್ಲಿಲ್ಲ. ಅಂಗಡಿ ಬರುವುದಕ್ಕೆ ಎಷ್ಟೋ ಮುಂಚೆಯೇ, ಒರಳು ಸೌದೆ ಬಾಳೆ ಎಲೆ ಎಲ್ಲವೂ ಇದ್ದಾಗಲೇ, ಅದು ಅಳಿದಿತ್ತು.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಬರುವ ಯುಗಾದಿಗೆ ಒಬ್ಬಟ್ಟನ್ನು ಮನೆಯಲ್ಲಿ ಮಾಡುವುದೋ ತರುವುದೋ ಎಂಬುದನ್ನು ಮಾಡಬೇಕಾದವರ ತೀರ್ಮಾನಕ್ಕೆ ಬಿಡಿ. ಮಾಡಲೇಬೇಕು ಅನ್ನಿಸಿದರೆ ಹೂರಣ ರುಬ್ಬುವ ಕೆಲಸವನ್ನು ನೀವೇ ತೆಗೆದುಕೊಳ್ಳಿ. ಅದಕ್ಕೂ ಮುಂಚೆ ಮನೆಯಲ್ಲಿರುವ ಅಮ್ಮನನ್ನೋ ಅಜ್ಜಿಯನ್ನೋ ನಿಮಗೆ ತಿನ್ನಲು ಏನಿಷ್ಟ ಎಂದು ಕೇಳಿ. ‘ನೀವು ತಿಂದರೆ ಸಾಕು’ ಎಂದರೆ ಅದನ್ನು ಉತ್ತರವೆಂದು ಒಪ್ಪಬೇಡಿ, ಮತ್ತೆ ಕೇಳಿ.